ಮೀಟಿಂಗ್ ಮುಗಿದ ಮೇಲೆ ಉಳಿಯುವ ಹೊತ್ತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೆಲಸದ ಮೇಲೆ ದೊಡ್ಡ ನಗರಕ್ಕೆ ಹೋದವರು ಗೆಳೆಯರ ಜತೆ ಊರು ನೋಡುವುದು ಹೇಗೆ ಎಂದು ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಾಲ್ಕು ದಿನದ ತರಬೇತಿಗೆ ಹೋಗುತ್ತಿದ್ದೇನೆ, ಜತೆಗೆ ಇಬ್ಬರು ಸಹೋದ್ಯೋಗಿಗಳು. ದಿನಾ ಸಂಜೆ ಐದಕ್ಕೆ ಬಿಡುತ್ತಾರೆ. ಹನ್ನೆರಡು ಜಾಗಗಳ ಪಟ್ಟಿ ಮಾಡಿಕೊಂಡಿದ್ದೇವೆ. ಎಲ್ಲ ಮುಗಿಯುತ್ತದೆಯೇ?

ಇಲ್ಲ. ಹನ್ನೆರಡರಲ್ಲಿ ನಾಲ್ಕೈದು ಆದರೆ ಚೆನ್ನಾಗಿಯೇ ಆಯಿತೆನ್ನಿ. ಐದಕ್ಕೆ ಬಿಡುತ್ತಾರೆ ಅಂದರೆ ಐದಕ್ಕೆ ನೀವು ರಸ್ತೆಯಲ್ಲಿರುತ್ತೀರಿ ಎಂದಲ್ಲ. ಯಾರೋ ಒಬ್ಬರು ಕೊನೆಯ ಪ್ರಶ್ನೆ ಕೇಳುತ್ತಾರೆ, ಲಿಫ್ಟ್ ಮುಂದೆ ಸಾಲಿರುತ್ತದೆ, ಅಲ್ಲಿಗೆ ಇಪ್ಪತ್ತು ನಿಮಿಷ. ಹೋಟೆಲಿಗೆ ಹೋಗಿ ಲ್ಯಾಪ್‌ಟಾಪ್ ಇಟ್ಟು, ಶೂ ಬದಲಿಸಿ, ಮೂವರೂ ಕೆಳಗಿಳಿದು ಬರುವಷ್ಟರಲ್ಲಿ ಮತ್ತೆ ನಲವತ್ತು. ಮೆಟ್ರೊದಲ್ಲಿ ಅರ್ಧ ಗಂಟೆ, ನಿಲ್ದಾಣದಿಂದ ನಡೆಯಲು ಹತ್ತು ನಿಮಿಷ. ಆಗಲೇ ಆರೂ ಮುಕ್ಕಾಲು ಸಮೀಪಿಸಿತು. ಆರಕ್ಕೆ ಮುಚ್ಚುವ ಮ್ಯೂಸಿಯಂ ಒಂದೂ ನಿಮ್ಮ ಕೈಗೆ ಸಿಗುವುದಿಲ್ಲ.

ಅದಕ್ಕೇ ಪಟ್ಟಿಯನ್ನು ಎರಡು ಪಾಲು ಮಾಡಿ: ಬಾಗಿಲು ಇರುವ ಜಾಗಗಳು, ಬಾಗಿಲೇ ಇಲ್ಲದ ಜಾಗಗಳು. ಸೇತುವೆ, ನದಿದಂಡೆ, ಚೌಕ, ಹಳೇ ಪೇಟೆಯ ಬೀದಿ, ಬಂದರು, ಗುಡ್ಡದ ಮೇಲಿನ ನೋಟ ಇವಕ್ಕೆ ಬಾಗಿಲಿಲ್ಲ. ಕೆಲಸದ ದಿನದ ಸಂಜೆಗಳನ್ನು ಇವಕ್ಕೇ ಕೊಡಿ. ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್ ಫೆರ‍್ರಿ ಒಳ್ಳೆಯ ಉದಾಹರಣೆ. ಅದು ಪ್ರವಾಸಿಗರ ದೋಣಿಯಲ್ಲ, ಜನ ಕೆಲಸಕ್ಕೆ ಹೋಗಿಬರುವ ದೋಣಿ. ಇಪ್ಪತ್ನಾಲ್ಕು ಗಂಟೆಯೂ ಓಡುತ್ತದೆ, ಟಿಕೆಟ್ ಇಲ್ಲ, ಒಂದು ಕಡೆಗೆ ಸುಮಾರು 25 ನಿಮಿಷ. ಮ್ಯಾನ್‌ಹಟನ್‌ನಿಂದ ಹೊರಡುವಾಗ ಬಲಬದಿಯಲ್ಲಿ ನಿಂತರೆ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣುತ್ತದೆ. ಆ ದಡದಲ್ಲಿ ಎಲ್ಲರೂ ಒಮ್ಮೆ ಇಳಿದು ಮತ್ತೆ ಹತ್ತಲೇಬೇಕು, ಒಳಗೇ ಕೂತು ವಾಪಸು ಬರಲು ಬಿಡುವುದಿಲ್ಲ. ದೊಡ್ಡ ನೀರಿರುವ ಬಹುತೇಕ ನಗರಗಳಲ್ಲಿ ಇಂಥ ಸಾರ್ವಜನಿಕ ದೋಣಿ ಇರುತ್ತದೆ. ಇಸ್ತಾಂಬುಲ್, ಹಾಂಕಾಂಗ್ ಎರಡರಲ್ಲೂ ಊರಿನ ಮುಖ ನೋಡಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬಾಗಿಲಿರುವ ಜಾಗಗಳಲ್ಲಿ ಕೆಲವು ವಾರಕ್ಕೊಂದೆರಡು ದಿನ ರಾತ್ರಿವರೆಗೂ ತೆರೆದಿರುತ್ತವೆ. ಪ್ಯಾರಿಸ್‌ನ ಲೂವ್ರ್ ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ. ಅದೇ ಊರಿನ ಓರ್ಸೆ ಗುರುವಾರ 9.45ರವರೆಗೆ. ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ 8.30ರವರೆಗೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಶುಕ್ರವಾರ, ಶನಿವಾರ 9ರವರೆಗೆ. ನಿಮ್ಮ ಊರಿನಲ್ಲಿ ಅಂಥ ಸಂಜೆ ಯಾವುದು ಎಂದು ಮೊದಲು ಹುಡುಕಿ, ಆ ದಿನವನ್ನು ಯಾರ ಊಟದ ಆಹ್ವಾನಕ್ಕೂ ಕೊಡಬೇಡಿ. ವೇಳೆ ನೋಡುವಾಗ ಮುಚ್ಚುವ ಸಮಯಕ್ಕಿಂತ 'ಕೊನೆಯ ಪ್ರವೇಶ' ಎಂಬ ಸಾಲು ಮುಖ್ಯ. ಅದು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಇರುತ್ತದೆ. ಇನ್ನೂ ಹದಿನೈದು ನಿಮಿಷ ಇರುವಾಗಲೇ ಸಿಬ್ಬಂದಿ ಒಳಗಿನ ಕೋಣೆಗಳಿಂದ ಜನರನ್ನು ಹೊರಗೆ ಕಳಿಸುತ್ತ ಬರುತ್ತಾರೆ. ನೀವು ನೋಡಬೇಕೆಂದಿದ್ದ ವಸ್ತು ಕಟ್ಟಡದ ತುತ್ತತುದಿಯಲ್ಲಿದ್ದರೆ ಮೊದಲು ಅಲ್ಲಿಗೇ ಹೋಗಿ, ಮಿಕ್ಕಿದ್ದನ್ನು ಬಾಗಿಲ ಕಡೆ ಬರುತ್ತ ನೋಡಿ.

ಬೆಳಕಿನ ಲೆಕ್ಕವನ್ನೂ ಮರೆಯಬೇಡಿ. ಲಂಡನ್‌ನಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ 9.20ರ ಸುಮಾರಿಗೆ. ಅಂದರೆ ಆಫೀಸು ಬಿಟ್ಟ ಮೇಲೂ ನಾಲ್ಕು ಗಂಟೆ ಹಗಲು. ಅದೇ ಊರಿನಲ್ಲಿ ಡಿಸೆಂಬರ್ ನಡುವಿನಲ್ಲಿ ನಾಲ್ಕಾಗುವ ಮೊದಲೇ ಸೂರ್ಯಾಸ್ತ. ಟೋಕಿಯೊದಲ್ಲಿ ಜೂನ್‌ನಲ್ಲೂ ಸಂಜೆ ಏಳಕ್ಕೇ ಮುಗಿಯಿತು, ಸಿಂಗಪುರದಲ್ಲಿ ವರ್ಷವಿಡೀ ಏಳರ ಆಸುಪಾಸು. ಒಂದೇ ಪಟ್ಟಿ ಬೇಸಿಗೆಯಲ್ಲಿ ಹಿಡಿಸಿದಷ್ಟು ಚಳಿಗಾಲದಲ್ಲಿ ಹಿಡಿಸುವುದಿಲ್ಲ.

ಉಳಿದದ್ದನ್ನು ನಕ್ಷೆಯ ಮೇಲೆ ಗುರುತು ಹಾಕಿ ನೋಡಿ. ಹನ್ನೆರಡು ಚುಕ್ಕೆಗಳು ಮೂರು ನಾಲ್ಕು ಗೊಂಚಲಾಗಿ ಕಾಣುತ್ತವೆ. ಒಂದು ಸಂಜೆಗೆ ಒಂದೇ ಗೊಂಚಲು. ಎರಡನೆಯದಕ್ಕೆ ಮನಸ್ಸು ಮಾಡಿದ ದಿನ ಅರ್ಧ ಹೊತ್ತು ಸುರಂಗದಲ್ಲಿ ರೈಲಿಗೆ ಕಾಯುವುದರಲ್ಲೇ ಹೋಗುತ್ತದೆ.

ಪ್ರಶ್ನೆ: ಮ್ಯೂಸಿಯಂಗಳ ವಾರದ ರಜೆ ಯಾವ ದಿನ ಎಂದು ಸಾಮಾನ್ಯವಾಗಿ ಹೇಳಬಹುದೇ? ನಮಗೆ ಸೋಮವಾರ ಇಡೀ ದಿನ ಬಿಡುವಿದೆ.

ಅಯ್ಯೋ, ಸೋಮವಾರವೇ! ಮ್ಯೂಸಿಯಂಗಳ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ದಿನ ಅದು. ಓರ್ಸೆ, ಫ್ಲಾರೆನ್ಸ್‌ನ ಉಫಿಝಿ, ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್, ದೆಹಲಿಯ ಕೆಂಪುಕೋಟೆ ಎಲ್ಲ ಸೋಮವಾರ ಮುಚ್ಚಿರುತ್ತವೆ. ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂ ಕೂಡ ಸೋಮವಾರ ಮುಚ್ಚುತ್ತದೆ, ಆದರೆ ಆ ಸೋಮವಾರ ಸರ್ಕಾರಿ ರಜೆಯಾಗಿದ್ದರೆ ಅಂದು ತೆರೆದು ಮಂಗಳವಾರ ಮುಚ್ಚುತ್ತದೆ. ಎಷ್ಟೋ ಪ್ರವಾಸಿಗರು ಎಡವುವುದು ಈ ಮಂಗಳವಾರಕ್ಕೆ. ಹಾಗೆಂದು ಇದನ್ನೇ ನಿಯಮ ಮಾಡಿಕೊಳ್ಳಲೂ ಆಗದು. ಲೂವ್ರ್, ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆ ಮಂಗಳವಾರ ಇಲ್ಲ. ಮೆಟ್ರೊಪಾಲಿಟನ್ ಬುಧವಾರ ಇಲ್ಲ. ತಾಜ್‌ಮಹಲ್ ಶುಕ್ರವಾರ ಇಲ್ಲ. ವ್ಯಾಟಿಕನ್ ಮ್ಯೂಸಿಯಂಗಳು ಭಾನುವಾರ ಮುಚ್ಚಿದ್ದು, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆಯುತ್ತವೆ. ಅಂದು ಪ್ರವೇಶ ಉಚಿತ, ಹಾಗಾಗಿ ಸಾಲು ಗೋಡೆ ಸುತ್ತಿಕೊಂಡಿರುತ್ತದೆ. ಮೂಗಿಗಿಂತ ಮೂಗುತಿ ಭಾರ.

ನಿಮ್ಮ ಸೋಮವಾರವನ್ನು ಉದ್ಯಾನ, ಹಳೇ ಪೇಟೆ, ದೋಣಿ, ನೋಟದ ಗೋಪುರ ಇವಕ್ಕೆ ಇಟ್ಟುಕೊಳ್ಳಿ. ನಕ್ಷೆಯ ಆ್ಯಪ್ ತೋರಿಸುವ ವೇಳೆಯನ್ನು ಹಬ್ಬ, ರಾಷ್ಟ್ರೀಯ ರಜೆಯ ವಾರದಲ್ಲಿ ನಂಬಬೇಡಿ. ಆಯಾ ಸಂಸ್ಥೆಯ ಸ್ವಂತ ತಾಣವನ್ನು ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿ. ನಾವು ಇಲ್ಲಿ ಕೊಟ್ಟ ವೇಳೆಗಳಿಗೂ ಈ ಮಾತು ಸಲ್ಲುತ್ತದೆ.

ಪ್ರಶ್ನೆ: ಟಿಕೆಟ್ ಅಲ್ಲೇ ಹೋಗಿ ಕೊಂಡರೆ ಆಗದೇ? ಮೀಟಿಂಗ್ ಯಾವಾಗ ಮುಗಿಯುತ್ತದೋ ಗೊತ್ತಿರುವುದಿಲ್ಲ.

ಬಹಳ ಕಡೆ ಆಗುತ್ತದೆ. ಆಗದ ಜಾಗಗಳು ಕೆಲವೇ, ಆದರೆ ನೀವು ನೋಡಬೇಕೆಂದಿರುವುದು ಅವನ್ನೇ ಆಗಿರುವ ಸಂಭವ ಹೆಚ್ಚು. ಆಮ್‌ಸ್ಟರ್‌ಡ್ಯಾಂನ ಆನ್ ಫ್ರಾಂಕ್ ಮನೆಗೆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ, ಪ್ರತಿ ಮಂಗಳವಾರ ಆರು ವಾರ ಮುಂದಿನ ದಿನಗಳದ್ದನ್ನು ಬಿಡುತ್ತಾರೆ. ಮಿಲಾನ್‌ನಲ್ಲಿ ಲಿಯೊನಾರ್ಡೊ ಬರೆದ 'ಕೊನೆಯ ಭೋಜನ'ದ ಮುಂದೆ ಸಣ್ಣ ಗುಂಪುಗಳಲ್ಲಿ ಬಿಟ್ಟು, ಹದಿನೈದು ನಿಮಿಷಕ್ಕೆ ಹೊರಗೆ ಕಳಿಸುತ್ತಾರೆ. ಕಾಯ್ದಿರಿಸದೆ ಹೋದವರಿಗೆ ಅಲ್ಲಿ ಹೊರಗಿನ ಗೋಡೆಯೇ ದರ್ಶನ. ಸ್ಪೇನ್ ದೇಶದ ಗ್ರನಾಡಾದ ಅಲ್‌ಹಂಬ್ರಾದಲ್ಲಿ ಇಡೀ ಕೋಟೆಗೆ ಒಂದು ಟಿಕೆಟ್ ಇದ್ದರೂ ಅದರೊಳಗಿನ ನಸ್ರಿದ್ ಅರಮನೆಗಳಿಗೆ ಟಿಕೆಟ್‌ನಲ್ಲಿ ನಮೂದಿಸಿದ ಹೊತ್ತಿಗೇ ಹೋಗಬೇಕು, ಟಿಕೆಟ್ ಹೆಸರಿಗೆ ಇರುವುದರಿಂದ ಪಾಸ್‌ಪೋರ್ಟ್ ಜತೆಗಿರಬೇಕು.

ಇಂಥ ಗಂಟೆ ಕಟ್ಟಿದ ಟಿಕೆಟನ್ನು ಕೆಲಸದ ದಿನದ ಸಂಜೆಗೆ ತೆಗೆದುಕೊಳ್ಳಬೇಡಿ. ಬಂದಿಳಿಯುವ ದಿನಕ್ಕೂ ಬೇಡ, ವಿಮಾನ ಮೂರು ಗಂಟೆ ತಡವಾದರೆ ದುಡ್ಡೂ ಹೋಯಿತು, ಅವಕಾಶವೂ ಹೋಯಿತು. ಬಿಡುವಿನ ದಿನದ ಬೆಳಗಿನ ಮೊದಲ ಹೊತ್ತಿಗೆ ತೆಗೆಯಿರಿ. ಗುಂಪು ಒಟ್ಟಿಗೇ ಬಂದು ಸೇರುವುದೂ ಬೆಳಿಗ್ಗೆಯೇ, ಸಾಲು ಚಿಕ್ಕದಿರುವುದೂ ಬೆಳಿಗ್ಗೆಯೇ.

ಪ್ರಶ್ನೆ: ಏಳು ಜನ ಒಟ್ಟಿಗೆ ಹೋಗುತ್ತೇವೆ. ಹೋದ ಸಲ ಒಬ್ಬರಿಗೊಬ್ಬರು ಕಾಯುವುದರಲ್ಲೇ ಎರಡು ಸಂಜೆ ಕಳೆದವು. ಒಬ್ಬರಿಗೆ ಮ್ಯೂಸಿಯಂ, ಇಬ್ಬರಿಗೆ ಶಾಪಿಂಗ್, ಇನ್ನೊಬ್ಬರಿಗೆ ಬರೀ ಫೋಟೊ. ಜಗಳವಾಗದ ಹಾಗೆ ಮಾಡುವುದು ಹೇಗೆ?

ಏಳು ಕಷ್ಟದ ಸಂಖ್ಯೆ. ಸಾಮಾನ್ಯ ಕಾರಿನಲ್ಲಿ ಡ್ರೈವರ್ ಬಿಟ್ಟು ನಾಲ್ಕು ಜನ. ಹಾಗಾಗಿ ಎರಡು ಕಾರು ಬೇಕು, ಎರಡೂ ಒಂದೇ ಗೇಟಿಗೆ ಬಂದು ನಿಲ್ಲುವುದು ಅಪರೂಪ. ಒಬ್ಬನೇ ನಡೆದರೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗುವ ದಾರಿಯನ್ನು ಏಳು ಜನ ಜನಸಂದಣಿಯಲ್ಲಿ ಮೂರರ ಲೆಕ್ಕದಲ್ಲಿ ಸಾಗಿದರೆ ಪುಣ್ಯ. ಒಬ್ಬರು ನೀರು ಕೊಳ್ಳಲು ನಿಂತರೆ ಎಲ್ಲರೂ ನಿಂತಂತೆ. ಒಬ್ಬರು ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಇನ್ನೊಬ್ಬರಿಗೆ ನೆನಪಾಗುತ್ತದೆ. ಅದು ಯಾರ ತಪ್ಪೂ ಅಲ್ಲ, ಗುಂಪಿನ ಸ್ವಭಾವವೇ ಹಾಗೆ.

ನಾಲ್ಕು ಮತ್ತು ಮೂರಾಗಿ ಒಡೆಯಿರಿ, ಒಡೆಯುವುದನ್ನು ಬೆಳಿಗ್ಗೆಯೇ ಹೇಳಿಬಿಡಿ. ಸಂಜೆ ಹೋಟೆಲ್ ಲಾಬಿಯಲ್ಲಿ ನಿಂತು 'ಎಲ್ಲಿಗೆ ಹೋಗೋಣ?' ಎಂದು ಶುರು ಮಾಡಿದರೆ ಮುಕ್ಕಾಲು ಗಂಟೆ ಹೋಯಿತೆಂದೇ ಲೆಕ್ಕ. ಎಲ್ಲರಿಗೂ ಸೇರಿ ದಿನಕ್ಕೆ ಒಂದೇ ಒಂದು ಸಂಗತಿ ಇರಲಿ, ಉದಾಹರಣೆಗೆ ಸೂರ್ಯಾಸ್ತಕ್ಕೆ ಸೇತುವೆ ಅಥವಾ ರಾತ್ರಿ ಊಟ. ಅದರ ಹಿಂದೆ ಮುಂದೆ ಯಾರು ಎಲ್ಲಿಗೆ ಬೇಕಾದರೂ ಹೋಗಲಿ. ಪ್ರತಿಯೊಬ್ಬರೂ 'ಇದೊಂದು ನೋಡದೆ ವಾಪಸು ಹೋಗಲಾರೆ' ಎನ್ನುವ ಒಂದೇ ಜಾಗ ಹೇಳಲಿ, ಪಟ್ಟಿ ಏಳಕ್ಕೆ ಇಳಿಯುತ್ತದೆ. ಕೇಳಿ ನೋಡಿ, ಅದರಲ್ಲಿ ಮೂರು ನಾಲ್ಕು ಒಂದೇ ಆಗಿರುತ್ತವೆ.

ಸೇರುವ ಜಾಗದ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. 'ಸ್ಟೇಷನ್ ಹತ್ತಿರ ಸಿಗೋಣ' ಎಂಬುದು ದೊಡ್ಡ ನಗರದಲ್ಲಿ ಅರ್ಥವಿಲ್ಲದ ಮಾತು. ಟೋಕಿಯೊದ ಶಿಂಜುಕು ನಿಲ್ದಾಣಕ್ಕೆ ಇನ್ನೂರಕ್ಕೂ ಹೆಚ್ಚು ಹೊರದಾರಿಗಳಿವೆ. ತಪ್ಪು ಬಾಗಿಲಿಂದ ಹೊರಬಿದ್ದವರು ಸರಿಯಾದ ಬಾಗಿಲಿಗೆ ಬರಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಹೊರದಾರಿಯ ಸಂಖ್ಯೆ ಹೇಳಿ, ಟಿಕೆಟ್ ಗೇಟಿನ ಒಳಗೋ ಹೊರಗೋ ಹೇಳಿ, ಮೇಲೋ ಕೆಳಗೋ ಹೇಳಿ. ತೀರಾ ಹೆಸರುವಾಸಿಯಾದ ಗುರುತೂ ಬೇಡ. ಅದೇ ಊರಿನ ಶಿಬುಯಾದ ಹಾಚಿಕೊ ನಾಯಿಯ ಪ್ರತಿಮೆಯ ಸುತ್ತ ಯಾವಾಗ ಹೋದರೂ ನಿಮ್ಮಂತೆ ಯಾರಿಗೋ ಕಾಯುವವರೇ ತುಂಬಿರುತ್ತಾರೆ, ಅಲ್ಲಿ ನಿಮ್ಮ ಗೆಳೆಯ ಐದು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಮಳೆ ಬಂದರೆ ನಿಲ್ಲಲು ಸೂರು, ಕೂರಲು ಕಟ್ಟೆ, ಪಕ್ಕದಲ್ಲೇ ಶೌಚಾಲಯ, ಈ ಮೂರೂ ಇರುವ ಜಾಗ ಹುಡುಕಿ. ಅಲ್ಲಿ ನಿಂತು ಒಂದು ಫೋಟೊ ತೆಗೆದು ಗುಂಪಿಗೆ ಕಳಿಸಿ.

ಕಾಯುವ ಮಿತಿಯನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಹದಿನೈದು ನಿಮಿಷ, ಆಮೇಲೆ ಬಂದವರು ಬಂದಷ್ಟು ಜನ ಹೊರಡುವುದು, ತಡವಾದವರು ನೇರ ಮುಂದಿನ ಜಾಗಕ್ಕೆ ಬರುವುದು. ಹೊರಡುವ ಮೊದಲೇ ಒಪ್ಪಿಕೊಂಡ ನಿಯಮದ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ, ಆ ಗಳಿಗೆಯಲ್ಲಿ ಮಾಡಿದ ನಿಯಮದ ಮೇಲೆ ಎಲ್ಲರೂ ಮುನಿಸಿಕೊಳ್ಳುತ್ತಾರೆ. ಫೋನು ಸತ್ತವರಿಗಾಗಿ ಹೋಟೆಲಿನ ಹೆಸರು, ವಿಳಾಸ ಸ್ಥಳೀಯ ಲಿಪಿಯಲ್ಲಿರುವ ಚೀಟಿ ಎಲ್ಲರ ಜೇಬಿನಲ್ಲೂ ಇರಲಿ. ರಿಸೆಪ್ಷನ್‌ನಲ್ಲಿ ಕೇಳಿದರೆ ಕಾರ್ಡ್ ಕೊಡುತ್ತಾರೆ.

ಫೋಟೊದವರ ಬಗ್ಗೆ ಒಂದು ಮಾತು: ಅವರನ್ನು ಬದಲಿಸಲು ಹೋಗಬೇಡಿ. ಅರ್ಧ ಗಂಟೆ ಮೊದಲೇ ಕಳಿಸಿಬಿಡಿ.

ಪ್ರಶ್ನೆ: ಆ ಊರಿನಲ್ಲೇ ಹತ್ತು ವರ್ಷದಿಂದ ಇರುವ ಕಾಲೇಜಿನ ಗೆಳೆಯ 'ಎಲ್ಲಾ ನಾನೇ ತೋರಿಸ್ತೀನಿ, ನೀನು ಏನೂ ಓದ್ಕೊಂಡು ಬರ್ಬೇಡ' ಎನ್ನುತ್ತಾನೆ. ನಂಬಬಹುದೇ?

ಗೆಳೆಯನನ್ನು ನಂಬಿ, ಅವನ ಟೈಮ್‌ಟೇಬಲನ್ನು ನಂಬಬೇಡಿ. ಹತ್ತು ವರ್ಷ ಇದ್ದವನಿಗೆ ಯಾವ ಬೀದಿಯಲ್ಲಿ ಯಾವ ಹೊತ್ತಿಗೆ ಟ್ರಾಫಿಕ್ ಕಟ್ಟುತ್ತದೆ, ಎಲ್ಲಿ ಊಟ ಚೆನ್ನ, ರಾತ್ರಿ ಯಾವ ಕಡೆ ಹೋಗಬಾರದು ಎಲ್ಲ ಗೊತ್ತಿರುತ್ತದೆ. ಊರಿನ ದೊಡ್ಡ ಮ್ಯೂಸಿಯಂಗೆ ಅವನು ಹೋಗಿದ್ದರೆ ಅದು ಬಂದ ಹೊಸತರಲ್ಲಿ ಒಂದು ಸಲ. ಅದರ ರಜೆಯ ದಿನ, ಈಗಿನ ಟಿಕೆಟ್ ವ್ಯವಸ್ಥೆ ಅವನಿಗೆ ಗೊತ್ತಿರುವುದಿಲ್ಲ. ಬಾಗಿಲಿರುವ ಜಾಗಗಳನ್ನು ನೀವು ನೋಡಿಕೊಳ್ಳಿ, ಬಾಗಿಲಿಲ್ಲದ್ದನ್ನು ಅವನಿಗೆ ಬಿಡಿ. ಅವನ ಮನೆ ಊರಾಚೆ ಇದ್ದರೆ 'ಮನೆಗೆ ಬಂದು ಹೋಗು' ಎನ್ನುವುದಕ್ಕೆ ಪೂರ್ತಿ ಒಂದು ಸಂಜೆ ತೆಗೆದಿಡಿ, ನಡುವೆ ತುರುಕಲು ಹೋಗಬೇಡಿ.

ಪ್ರಶ್ನೆ: ಮೆಟ್ರೊದಲ್ಲಿ ಒಬ್ಬರ ಕಾರ್ಡಿನಿಂದಲೇ ಎಲ್ಲರೂ ಹೋಗಬಹುದೇ? ರಾತ್ರಿ ಎಷ್ಟು ಹೊತ್ತಿನವರೆಗೆ ಓಡುತ್ತದೆ?

ಪ್ರಯಾಣದ ದೂರ ಲೆಕ್ಕ ಹಾಕಿ ದುಡ್ಡು ಕತ್ತರಿಸುವ ವ್ಯವಸ್ಥೆಯಲ್ಲಿ ಆಗುವುದಿಲ್ಲ. ಗೇಟಿನ ಯಂತ್ರಕ್ಕೆ ಒಂದು ಕಾರ್ಡ್ ಅಂದರೆ ಒಬ್ಬ ಮನುಷ್ಯ. ಒಳಗೆ ಹೋದ ಕಾರ್ಡ್ ಹೊರಗೆ ಬರದೆ ಮತ್ತೆ ಒಳಗೆ ಹೋಗಲು ನೋಡಿದರೆ ಗೇಟು ತಡೆಯುತ್ತದೆ, ಇಲ್ಲವೇ ದಂಡದ ದರ ಹಾಕುತ್ತದೆ. ಲಂಡನ್‌ನಲ್ಲಿ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತೋರಿಸಿ ಓಡಾಡಬಹುದು, ದಿನಕ್ಕೆ ಇಂತಿಷ್ಟೇ ಎಂಬ ಗರಿಷ್ಠ ಮಿತಿಯೂ ತಾನಾಗಿಯೇ ಅನ್ವಯಿಸುತ್ತದೆ. ಅಲ್ಲಿ ಜನ ಎಡವುವುದು ಎರಡು ಕಡೆ. ಬೆಳಿಗ್ಗೆ ಪ್ಲಾಸ್ಟಿಕ್ ಕಾರ್ಡ್ ತೋರಿಸಿ, ಸಂಜೆ ಅದೇ ಕಾರ್ಡನ್ನು ಫೋನಿನಿಂದ ತೋರಿಸಿದರೆ ಖಾತೆ ಒಂದೇ ಆದರೂ ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ಪ್ರಯಾಣಿಕರು. ಮಿತಿ ಎರಡರಲ್ಲೂ ಪ್ರತ್ಯೇಕ, ಒಳಗೆ ಒಂದು ತೋರಿಸಿ ಹೊರಗೆ ಇನ್ನೊಂದು ತೋರಿಸಿದರಂತೂ ಎರಡು ಅಪೂರ್ಣ ಪ್ರಯಾಣಗಳ ಗರಿಷ್ಠ ದರ. ಇನ್ನೊಂದು, ರೈಲಿಗೆ ಒಳಗೂ ಹೊರಗೂ ತೋರಿಸಬೇಕು, ಬಸ್ಸಿಗೆ ಹತ್ತುವಾಗ ಮಾತ್ರ. ಕೈಚೀಲದಲ್ಲಿ ನಾಲ್ಕು ಕಾರ್ಡ್ ಒಟ್ಟಿಗಿಟ್ಟು ಚೀಲವನ್ನೇ ಒತ್ತಬೇಡಿ, ಯಂತ್ರ ಯಾವುದನ್ನು ಓದುತ್ತದೋ ಹೇಳಲಾಗದು.

ಕೊನೆಯ ರೈಲಿನ ವಿಷಯದಲ್ಲಿ ಒಂದೊಂದು ಊರಿಗೆ ಒಂದೊಂದು ನ್ಯಾಯ. ನ್ಯೂಯಾರ್ಕ್ ಸಬ್‌ವೇ ರಾತ್ರಿಯಿಡೀ ಓಡುತ್ತದೆ. ಲಂಡನ್‌ನಲ್ಲಿ ಶುಕ್ರವಾರ, ಶನಿವಾರ ರಾತ್ರಿ ಮಾತ್ರ, ಅದೂ ಕೆಲವು ಮಾರ್ಗಗಳಲ್ಲಿ. ಟೋಕಿಯೊದಲ್ಲಿ ನಡುರಾತ್ರಿಯ ಆಸುಪಾಸು ನಿಂತರೆ ಮತ್ತೆ ಬೆಳಗಿನ ಐದರ ಹೊತ್ತಿಗೇ. ನೀವು ನೋಡಬೇಕಾದದ್ದು ಮೊದಲನೆಯ ರೈಲಿನ ವೇಳೆಯನ್ನಲ್ಲ, ನೀವು ಬದಲಿಸಿ ಹತ್ತಬೇಕಾದ ಎರಡನೆಯ ರೈಲಿನ ಕೊನೆಯ ವೇಳೆಯನ್ನು. ಮೊದಲನೆಯದು ಸಿಕ್ಕಿ ಎರಡನೆಯದು ತಪ್ಪಿದರೆ ಅರ್ಧದಾರಿಯಲ್ಲಿ ನಿಂತಿರುತ್ತೀರಿ.

ಪ್ರಶ್ನೆ: ದಾರಿಯಲ್ಲಿ ಎಲ್ಲಿ ಬೇಕಾದರೂ ಹತ್ತಿ ಇಳಿಯಬಹುದಾದ ಪ್ರವಾಸಿ ಬಸ್ಸು ತೆಗೆದುಕೊಳ್ಳಬಹುದೇ?

ಇಡೀ ದಿನ ಬಿಡುವಿದ್ದರೆ, ಮೊದಲ ದಿನದ ಬೆಳಿಗ್ಗೆ, ಇಳಿಯದೆ ಒಂದು ಪೂರ್ತಿ ಸುತ್ತು. ಊರಿನ ಅಂದಾಜು ಸಿಗುತ್ತದೆ. ಸಂಜೆ ಐದಕ್ಕೆ ಆಫೀಸು ಬಿಡುವವರಿಗೆ ಬೇಡ. ಬಹುತೇಕ ಊರುಗಳಲ್ಲಿ ಆ ಹೊತ್ತಿಗೆ ಕೊನೆಯ ಬಸ್ಸು ಹೊರಡುವ ತಯಾರಿಯಲ್ಲಿರುತ್ತದೆ, ಹೊರಟರೂ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಎತ್ತರದ ಗೋಪುರಕ್ಕೆ ಹಗಲು ಹೋಗಬೇಕೋ ರಾತ್ರಿಯೋ?

ಎರಡರ ನಡುವೆ. ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಮೇಲಿರುವ ಹಾಗೆ ನೋಡಿಕೊಳ್ಳಿ. ಮೇಲಿರುವುದು ಎಂದೆವು, ಕೆಳಗೆ ಸಾಲಿನಲ್ಲಿ ನಿಂತಿರುವುದಲ್ಲ. ಭದ್ರತಾ ತಪಾಸಣೆಗೂ ಲಿಫ್ಟಿಗೂ ಸೇರಿ ಇನ್ನೂ ಮುಕ್ಕಾಲು ಗಂಟೆ ಹಿಡಿಯಿರಿ. ಆಗ ಹಗಲಿನಲ್ಲಿ ಬೀದಿಗಳ ಗುರುತು ಹಿಡಿದು, ಅಸ್ತಮಾನ ನೋಡಿ, ದೀಪ ಹತ್ತುವುದನ್ನೂ ನೋಡಿ ಇಳಿಯಬಹುದು. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ಮೂವತ್ತು ನಿಮಿಷ ಆಕಾಶ ಗಾಢ ನೀಲಿಯಾಗಿರುತ್ತದೆ. ದೀಪವೂ ಕಟ್ಟಡದ ಆಕಾರವೂ ಒಂದೇ ಚಿತ್ರದಲ್ಲಿ ಸಿಗುವುದು ಆಗ ಮಾತ್ರ. ಆಮೇಲೆ ಕಪ್ಪಿನ ಮೇಲೆ ಚುಕ್ಕೆಗಳು ಅಷ್ಟೇ. ಇದು ಎಲ್ಲರಿಗೂ ಗೊತ್ತಿರುವುದರಿಂದ ಆ ಹೊತ್ತಿನ ಟಿಕೆಟ್ ಮೊದಲು ಮುಗಿಯುತ್ತದೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾದಲ್ಲಿ ಆ ಹೊತ್ತಿಗೆ ದರವೂ ಹೆಚ್ಚು.

ಗಾಜಿನ ಹಿಂದಿನಿಂದ ಫೋಟೊ ತೆಗೆಯುವಾಗ ಫೋನಿನ ಲೆನ್ಸನ್ನು ಗಾಜಿಗೆ ಅಂಟಿಸಿ ಹಿಡಿದು, ಸುತ್ತ ಕರೀ ಜಾಕೆಟ್ ಮುಚ್ಚಿ. ಫ್ಲ್ಯಾಶ್ ಆರಿಸಿ. ಇಲ್ಲವಾದರೆ ಊರಿನ ಬದಲು ನಿಮ್ಮದೇ ಮುಖ ಬರುತ್ತದೆ. ಇನ್ನೊಂದು ಸಂಗತಿ ಟಿಕೆಟ್ ಕೊಳ್ಳುವ ಮೊದಲು ಯೋಚಿಸಿ: ಊರಿನ ಅತಿ ಹೆಸರುವಾಸಿ ಗೋಪುರದ ಮೇಲೆ ನಿಂತರೆ ಆ ಗೋಪುರವೇ ಕಾಣುವುದಿಲ್ಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ಚಿತ್ರದಲ್ಲಿ ಬೇಕೆಂದರೆ ಅದೇ ಊರಿನ ರಾಕ್‌ಫೆಲ್ಲರ್ ಸೆಂಟರ್‌ನ ಮೇಲಿಂದ ನೋಡಬೇಕು. ಐಫೆಲ್ ಗೋಪುರ ಕತ್ತಲಾದ ಮೇಲೆ ಪ್ರತಿ ಗಂಟೆಯ ಆರಂಭದಲ್ಲಿ ಐದು ನಿಮಿಷ ಮಿನುಗುತ್ತದೆ, ಅದನ್ನು ನೋಡಲು ಹೊಳೆಯ ಆಚೆ ದಡವೇ ಲೇಸು. ಮೋಡದ ದಿನ ಕೆಳಗಿಂದ ಗೋಪುರದ ತುದಿ ಕಾಣುತ್ತಿಲ್ಲವೆಂದರೆ ಮೇಲಿಂದ ನೆಲವೂ ಕಾಣುವುದಿಲ್ಲ. ಗಾಳಿ ಜೋರಿದ್ದರೆ ಟೋಕಿಯೊ ಸ್ಕೈಟ್ರೀಯಂಥ ಕಡೆ ಲಿಫ್ಟನ್ನೇ ನಿಲ್ಲಿಸುತ್ತಾರೆ.

ಪ್ರಶ್ನೆ: ಕೊನೆಯ ದಿನ ಮಧ್ಯಾಹ್ನ 12ಕ್ಕೆ ಚೆಕ್‌ಔಟ್, ವಿಮಾನ ರಾತ್ರಿ 9ಕ್ಕೆ. ಸೂಟ್‌ಕೇಸು, ಆಫೀಸಿನ ಲ್ಯಾಪ್‌ಟಾಪು ಇಟ್ಟುಕೊಂಡು ಸುತ್ತುವುದು ಹೇಗೆ?

ಲೆಕ್ಕವನ್ನು ಹಿಂದಿನಿಂದ ಹಾಕಿ. ಅಂತರರಾಷ್ಟ್ರೀಯ ವಿಮಾನವಾದರೆ 6ಕ್ಕೆ ಏರ್‌ಪೋರ್ಟಿನಲ್ಲಿರಬೇಕು. ಸಂಜೆಯ ಟ್ರಾಫಿಕ್‌ಗೆ ಒಂದೂಕಾಲು ಗಂಟೆ ಇಟ್ಟರೆ ಹೋಟೆಲಿನಿಂದ 4.45ಕ್ಕೆ ಹೊರಡಬೇಕು. ಚೀಲ ತೆಗೆದುಕೊಂಡು, ಮುಖ ತೊಳೆದು, ಬಟ್ಟೆ ಬದಲಿಸಲು ಅರ್ಧ ಗಂಟೆ ಎಂದರೆ 4.15ಕ್ಕೆ ವಾಪಸು ಬಂದಿರಬೇಕು. ಹಾಗಾಗಿ ಊರಿನ ಯಾವ ಮೂಲೆಯಲ್ಲಿದ್ದರೂ 3.15ಕ್ಕೆ ಅಲ್ಲಿಂದ ಕಾಲ್ತೆಗೆಯಬೇಕು. ಹನ್ನೆರಡರವರೆಗೆ ರೂಮಿನಲ್ಲಿ ಮಲಗಿದ್ದರೆ ನಿಮಗೆ ಉಳಿಯುವುದು ಮೂರೇ ಗಂಟೆ. ಬೆಳಿಗ್ಗೆ 8.30ಕ್ಕೇ ಚೆಕ್‌ಔಟ್ ಮಾಡಿ ಹೊರಟರೆ ಇಡೀ ಪ್ರವಾಸದಲ್ಲಿ ಸಿಗುವ ಅತ್ಯಂತ ಉದ್ದದ ಹಗಲು ಅದೇ ಆಗಿಬಿಡುತ್ತದೆ.

ಚೆಕ್‌ಔಟ್ ಆದ ಮೇಲೂ ಹೆಚ್ಚಿನ ಹೋಟೆಲುಗಳು ಸಂಜೆವರೆಗೆ ಚೀಲ ಇಟ್ಟುಕೊಳ್ಳುತ್ತವೆ. ಚೀಟಿ ಕೇಳಿ ಪಡೆಯಿರಿ. ಗುಂಪಿನ ಎಲ್ಲರ ಚೀಲ ಒಂದೇ ಚೀಟಿಯಲ್ಲಿ ಬೇಡ, ಆ ಚೀಟಿ ಇರುವವರು ಬರುವವರೆಗೆ ಉಳಿದವರು ಕಾಯಬೇಕಾಗುತ್ತದೆ. ಹೋಟೆಲು ಏರ್‌ಪೋರ್ಟಿಗೆ ವಿರುದ್ಧ ದಿಕ್ಕಿನಲ್ಲಿದ್ದರೆ ರೈಲು ನಿಲ್ದಾಣದ ಲಾಕರ್ ಮೇಲು, ಆದರೆ ದೊಡ್ಡ ಅಳತೆಯವು ಕೆಲವೇ ಇದ್ದು ಬೆಳಿಗ್ಗೆಯೇ ತುಂಬಿಹೋಗುತ್ತವೆ. ಹಾಂಕಾಂಗ್‌ನಲ್ಲಿ ಕೆಲವು ವಿಮಾನ ಸಂಸ್ಥೆಗಳ ಪ್ರಯಾಣಿಕರು ನಗರದೊಳಗಿನ ಏರ್‌ಪೋರ್ಟ್ ರೈಲು ನಿಲ್ದಾಣದಲ್ಲೇ ಸೂಟ್‌ಕೇಸು ಒಪ್ಪಿಸಿ ಕೈಬೀಸಿಕೊಂಡು ಸುತ್ತಬಹುದು. ಇಂಥ ಸೌಲಭ್ಯ ನಿಮ್ಮ ಊರಿನಲ್ಲಿದೆಯೇ ನೋಡಿ.

ಸೂಟ್‌ಕೇಸು ಎಳೆದುಕೊಂಡು ಮ್ಯೂಸಿಯಂಗೆ ಹೋಗಿ 'ಒಳಗೆ ಇಟ್ಟುಕೊಳ್ಳುತ್ತಾರೆ' ಎಂದುಕೊಳ್ಳಬೇಡಿ. ಬ್ರಿಟಿಷ್ ಮ್ಯೂಸಿಯಂ ಚಕ್ರದ ಚೀಲವನ್ನು ಒಳಗೇ ಬಿಡುವುದಿಲ್ಲ. ಲೂವ್ರ್‌ನಲ್ಲಿ 55 × 35 × 20 ಸೆಂಟಿಮೀಟರ್‌ಗಿಂತ ದೊಡ್ಡದಕ್ಕೆ ಪ್ರವೇಶವಿಲ್ಲ. ಬೆನ್ನಿಗೆ ಹಾಕುವ ಚೀಲವನ್ನೂ ಹಲವು ಕಡೆ ಎದೆಗೆ ಹಾಕಿಕೊಳ್ಳಿ ಎನ್ನುತ್ತಾರೆ. ನೀವು ತಿರುಗಿದಾಗ ಹಿಂದಿನ ವಸ್ತುವಿಗೆ ತಾಗದಿರಲಿ ಎಂದು.

ಲ್ಯಾಪ್‌ಟಾಪ್ ವಿಷಯದಲ್ಲಿ ನಿಮ್ಮ ಕಂಪನಿಯ ನಿಯಮ ಓದಿ. ಅದನ್ನು ಕಣ್ಣಳತೆಯಿಂದ ದೂರ ಬಿಡಬಾರದೆಂದು ಹಲವು ಕಂಪನಿಗಳಲ್ಲಿ ಬರೆದೇ ಇರುತ್ತದೆ. ಹಾಗಿದ್ದರೆ ಅಂದು ಅದು ನಿಮ್ಮ ಬೆನ್ನ ಮೇಲೇ, ಆದ್ದರಿಂದ ಮೆಟ್ಟಿಲು ಹತ್ತುವ ಜಾಗಗಳನ್ನು ಬೇರೆ ದಿನ ಮುಗಿಸಿಬಿಡಿ. ಐಫೆಲ್‌ನ ಎರಡನೇ ಹಂತಕ್ಕೇ 674 ಮೆಟ್ಟಿಲು. ಪಾಸ್‌ಪೋರ್ಟ್, ಔಷಧಿ ಇಟ್ಟುಹೋಗುವ ಚೀಲದಲ್ಲಿ ಇರಬಾರದು. ಪವರ್ ಬ್ಯಾಂಕ್ ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಇರಬಾರದು, ಕೈಚೀಲದಲ್ಲೇ ಇರಬೇಕು. ಮಿತಿ 100 ವಾಟ್-ಅವರ್. ಪವರ್ ಬ್ಯಾಂಕಿನ ಮೇಲೆ ಬರೆದಿರುವ ಎಂಎಎಚ್ (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ: 20,000ದ್ದು 74 ಆಗುತ್ತದೆ, ನಡೆಯುತ್ತದೆ. 30,000ದ್ದು 111, ವಿಮಾನ ಸಂಸ್ಥೆಯ ಒಪ್ಪಿಗೆ ಇಲ್ಲದೆ ತಪಾಸಣೆಯಲ್ಲೇ ಉಳಿದುಹೋಗುತ್ತದೆ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಎರಡು ದಿನ ಹೆಚ್ಚು ಇರಬೇಕೆಂದಿದ್ದೇನೆ, ಗೆಳೆಯರು ಅಲ್ಲಿಗೇ ಬರುತ್ತಾರೆ. ಬಿಸಿನೆಸ್ ವೀಸಾದಲ್ಲಿ ಸಾಧ್ಯವೇ? ಆಫೀಸಿಗೆ ಏನು ಹೇಳಬೇಕು?

ವೀಸಾದಲ್ಲಿ ಜನ ತಪ್ಪು ಓದುವುದು ದಿನಾಂಕವನ್ನು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಚೀಟಿಯ ಮೇಲೆ ಎರಡು ಸಂಗತಿ ಇರುತ್ತವೆ: ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ, ಅದರ ಜತೆಗೆ ಎಷ್ಟು ದಿನ ತಂಗಬಹುದು ಎಂಬ ಸಂಖ್ಯೆ. ಪ್ರಯಾಣ ಹಿಂದೆ ಮುಂದೆ ಆದರೆ ಇರಲಿ ಎಂದು ಅವಧಿಯನ್ನು ಸಾಮಾನ್ಯವಾಗಿ 15 ದಿನ ಹೆಚ್ಚು ಕೊಟ್ಟಿರುತ್ತಾರೆ. ಅದು ತಂಗಲು ಕೊಟ್ಟ ದಿನವಲ್ಲ. ಸಂಖ್ಯೆ 7 ಎಂದಿದ್ದರೆ ಏಳೇ ದಿನ, ಇಳಿದ ದಿನವೂ ಹೊರಟ ದಿನವೂ ಅದರಲ್ಲೇ ಲೆಕ್ಕ. ಹಾಗಾಗಿ ಹೆಚ್ಚಿನ ಎರಡು ದಿನದ ಯೋಚನೆಯಿದ್ದರೆ ಅರ್ಜಿ ಹಾಕುವಾಗಲೇ ಕಾರ್ಯಕ್ರಮದಲ್ಲಿ ಬರೆಯಬೇಕು, ವಿಮೆಯೂ ಆ ದಿನಗಳಿಗೆ ಇರಬೇಕು. ಅಮೆರಿಕದ್ದು ಬೇರೆ ಕ್ರಮ. ಅಲ್ಲಿ ವೀಸಾದ ಮೇಲಿನ ದಿನಾಂಕ ದೇಶದ ಬಾಗಿಲಿಗೆ ಬರಲು ಮಾತ್ರ. ಎಷ್ಟು ದಿನ ಇರಬಹುದು ಎಂಬುದು ಇಳಿದಾಗ ದಾಖಲಾಗುವ ಐ-94 ಎಂಬ ಪ್ರವೇಶ ದಾಖಲೆಯಲ್ಲಿರುತ್ತದೆ. ಅದನ್ನು ಆನ್‌ಲೈನ್‌ನಲ್ಲಿ ತೆಗೆದು ನೋಡಿಕೊಳ್ಳಿ.

ಆಫೀಸಿನ ವಿಷಯದಲ್ಲಿ ಬಾಯಿಮಾತು ಬೇಡ. ಅಧಿಕೃತ ಕೆಲಸ ಯಾವ ದಿನಕ್ಕೆ ಮುಗಿಯುತ್ತದೆ, ಯಾವ ದಿನದಿಂದ ರಜೆ ಎಂದು ಮೇಲ್ ಹಾಕಿ ಒಪ್ಪಿಗೆ ಪಡೆಯಿರಿ. ವಾಪಸು ಟಿಕೆಟ್ ಕಾಯ್ದಿರಿಸುವ ದಿನವೇ ಎರಡೂ ದಿನಾಂಕಗಳ ದರದ ಸ್ಕ್ರೀನ್‌ಶಾಟ್ ತೆಗೆದಿಡಿ. ದರ ದಿನಾ ಬದಲಾಗುವುದರಿಂದ ಆಮೇಲೆ ತೆಗೆದದ್ದಕ್ಕೆ ಬೆಲೆಯಿಲ್ಲ. ನಿಮ್ಮ ದಿನಾಂಕದ್ದು ಹೆಚ್ಚಾಗಿದ್ದರೆ ವ್ಯತ್ಯಾಸವನ್ನು ನೀವು ಕೊಡುತ್ತೀರಿ, ಕಡಿಮೆಯಾಗಿದ್ದರೆ ಯಾರೂ ಪ್ರಶ್ನಿಸುವುದಿಲ್ಲ. ಕಂಪನಿಯ ಪ್ರಯಾಣ ವಿಮೆ ಖಾಸಗಿ ದಿನಗಳಿಗೆ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿ, ಇಲ್ಲವೆಂದರೆ ಬೇರೆ ಪಾಲಿಸಿ ತೆಗೆಯಿರಿ. ಹೋಟೆಲಿನಲ್ಲಿ ಆ ಎರಡು ರಾತ್ರಿಗಳಿಗೆ ಪ್ರತ್ಯೇಕ ಬುಕಿಂಗ್ ಮಾಡಿಸಿ, ರೂಮು ಬದಲಿಸದಂತೆ ಮೊದಲೇ ಹೇಳಿಡಿ. ಒಂದೇ ಬಿಲ್ಲಿನಲ್ಲಿ ಸೇರಿಸಿ ಆಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟರೆ ಅಕೌಂಟ್ಸ್ ವಿಭಾಗ ವಾಪಸು ಕಳಿಸುತ್ತದೆ.

ಪ್ರಶ್ನೆ: ಖರ್ಚು ಹಂಚಿಕೊಳ್ಳುವಾಗ ವಿದೇಶಿ ದುಡ್ಡಿನ ಲೆಕ್ಕ ಯಾವಾಗಲೂ ಗೊಂದಲ. ಸುಲಭ ದಾರಿ ಇದೆಯೇ?

ದಿನಕ್ಕೊಬ್ಬರು ಕೊಡುವುದು. ಇಂದು ನೀವು, ನಾಳೆ ಅವರು. ಕೊಟ್ಟದ್ದನ್ನು ಆ ಕ್ಷಣವೇ ಹಂಚಿಕೊಂಡ ಶೀಟಿನಲ್ಲಿ ಆ ದೇಶದ ಹಣದಲ್ಲೇ ಬರೆಯಿರಿ, ರೂಪಾಯಿಗೆ ತಿರುಗಿಸುವ ಕೆಲಸ ಊರಿಗೆ ಬಂದು ಕಾರ್ಡಿನ ಸ್ಟೇಟ್‌ಮೆಂಟ್ ಬಂದ ಮೇಲೆ. ಅಲ್ಲಿರುವುದೇ ನಿಜವಾದ ದರ. ಬರದವರ ಹೆಸರನ್ನೂ ಅಲ್ಲೇ ಬರೆಯಿರಿ, ಮೂರನೇ ದಿನಕ್ಕೆ ಯಾರು ಮ್ಯೂಸಿಯಂಗೆ ಬರಲಿಲ್ಲ ಎಂದು ಯಾರಿಗೂ ನೆನಪಿರುವುದಿಲ್ಲ. ಅಂಗಡಿಯ ಯಂತ್ರ 'ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಇಲ್ಲಿಯದರಲ್ಲೋ?' ಎಂದು ಕೇಳಿದರೆ ಇಲ್ಲಿಯದರಲ್ಲಿ ಎಂದೇ ಒತ್ತಿ. ಇನ್ನೊಂದನ್ನು ಒತ್ತಿದರೆ ಪರಿವರ್ತನೆಯ ದರವನ್ನು ನಿಗದಿ ಮಾಡುವುದು ಆ ಯಂತ್ರದ ಕಡೆಯವರು, ಅದು ಸಾಮಾನ್ಯವಾಗಿ ದುಬಾರಿ. ಆಫೀಸಿಗೆ ತೋರಿಸಬೇಕಾದ ಟ್ಯಾಕ್ಸಿ, ಊಟದ ಬಿಲ್ಲುಗಳನ್ನು ಈ ಲೆಕ್ಕದೊಳಗೆ ತರಲೇಬೇಡಿ, ಬೇರೆ ಲಕೋಟೆ, ಸಾಧ್ಯವಾದರೆ ಬೇರೆ ಕಾರ್ಡ್.

ಪ್ರಶ್ನೆ: ಹನ್ನೆರಡು ಗಂಟೆ ವಿಮಾನದಲ್ಲಿ ಕೂತು ಮಧ್ಯಾಹ್ನ ಇಳಿಯುತ್ತೇವೆ, ಮರುದಿನ ಬೆಳಿಗ್ಗೆ ಮೀಟಿಂಗ್. ಆ ಸಂಜೆ ಮಲಗಬೇಕೋ, ಸುತ್ತಬೇಕೋ?

ಸುತ್ತಿ, ಆದರೆ ಬಯಲಿನಲ್ಲಿ. ಕಾಲಮಾನದ ವ್ಯತ್ಯಾಸಕ್ಕೆ ದೇಹ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ, ಪೂರ್ವಕ್ಕೆ ಹೋದಾಗ ಇನ್ನೂ ನಿಧಾನ. ಹಗಲಿನ ಬೆಳಕು ಅದಕ್ಕೆ ಸಹಾಯ ಮಾಡುತ್ತದೆ, ಹೋಟೆಲಿನ ಕರ್ಟನ್ ಎಳೆದು ಮಲಗಿದರೆ ನಡುರಾತ್ರಿ ಎರಡಕ್ಕೆ ಎಚ್ಚರವಾಗಿ ಕೂತಿರುತ್ತೀರಿ. ಹೋಟೆಲಿನ ಸುತ್ತ ಒಂದೂವರೆ ಗಂಟೆ ನಡೆಯಿರಿ. ನಾಳೆ ಮೀಟಿಂಗ್ ನಡೆಯುವ ಕಟ್ಟಡದವರೆಗೂ ಹೋಗಿ, ಯಾವ ಬಾಗಿಲು, ಎಷ್ಟು ನಿಮಿಷ ಎಂದು ನೋಡಿ ಬನ್ನಿ. ಕತ್ತಲ ಸಭಾಂಗಣದಲ್ಲಿ ಕೂತು ನೋಡುವ ನಾಟಕ, ಸಂಗೀತಕ್ಕೆ ಮಾತ್ರ ಆ ರಾತ್ರಿ ಟಿಕೆಟ್ ತೆಗೆಯಬೇಡಿ. ದುಬಾರಿ ಕುರ್ಚಿಯಲ್ಲಿ ನಿದ್ದೆ ಮಾಡಿ ಬರುತ್ತೀರಿ.